ಕತ್ತಲಲ್ಲಿ ಹುಡುಕುವ ಮೊದಲೇ ಲೈನಿನ ಸ್ಥಿತಿ ತಿಳಿಯುವಂತಾಗಲಿ

ಸಂಪಾದಕರಿಗೆ,

ಮಾನ್ಯರೇ,

ಮಳೆಗಾಲ ಹಿಡಿಯಿತೆಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ಸುದ್ದಿಗಳಲ್ಲಿ ಮರ ಬಿದ್ದು ಕಂಬ ಮುರಿದದ್ದು, ತಂತಿ ಹರಿದದ್ದು, ಊರಿಗೆ ಊರೇ ಕತ್ತಲಲ್ಲಿ ಕುಳಿತದ್ದು ತಪ್ಪದೆ ಬರುತ್ತದೆ. ಅದರ ಬೆನ್ನಿಗೆ ಹೊಸ ಕಂಬ ಬೇಕು, ಹೊಸ ಟಿ.ಸಿ. (ಟ್ರಾನ್ಸ್‌ಫಾರ್ಮರ್) ಬೇಕು, ಲೈನ್‌ಮನ್‌ಗಳ ಖಾಲಿ ಹುದ್ದೆ ತುಂಬಬೇಕು ಎಂಬ ಬೇಡಿಕೆಗಳೂ ಬರುತ್ತವೆ. ಇವೆಲ್ಲ ನ್ಯಾಯವಾದ ಬೇಡಿಕೆಗಳು. ಅವಕ್ಕೆ ನನ್ನ ದನಿಯೂ ಇದೆ. ಆದರೆ ಇವಕ್ಕಿಂತ ಮೊದಲು ಕೇಳಬೇಕಾದ ಒಂದು ಪ್ರಶ್ನೆ ಹಾಗೆಯೇ ಉಳಿದುಹೋಗುತ್ತಿದೆ ಎಂದು ಅನ್ನಿಸಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ. ಉಪಕೇಂದ್ರದಿಂದ ಹೊರಟ 11 ಕೆ.ವಿ. ಲೈನು ಬೆಟ್ಟ, ಹಳ್ಳ, ತೋಟಗಳನ್ನು ದಾಟಿ ನಮ್ಮ ಮನೆ ಮುಟ್ಟುವವರೆಗೆ ಈ ಗಳಿಗೆಯಲ್ಲಿ ಯಾವ ಸ್ಥಿತಿಯಲ್ಲಿದೆ, ಅದರ ಯಾವ ಕಂಬದಲ್ಲಿ ಎಷ್ಟು ವೋಲ್ಟೇಜ್ ಇದೆ, ಯಾವ ತಂತಿಯಲ್ಲಿ ಎಷ್ಟು ಕರೆಂಟ್ ಹರಿಯುತ್ತಿದೆ ಎಂಬುದು ಯಾರಿಗಾದರೂ ಗೊತ್ತಿದೆಯೇ?

ಕಳೆದ ಆಷಾಢದ ಒಂದು ಸಂಜೆ ನಮ್ಮ ಮನೆಯಲ್ಲಿ ಫ್ಯಾನು ತೆವಳತೊಡಗಿತು, ಫ್ರಿಜ್ಜಿನ ಸ್ಟೆಬಿಲೈಜರ್ ಟಕ್ಕೆಂದು ಬಿಟ್ಟುಕೊಂಡಿತು, ಹಳೆಯ ಟ್ಯೂಬ್‌ಲೈಟು ಮಿಣುಕಿ ಮಿಣುಕಿ ಸುಮ್ಮನಾಯಿತು. ಎಲ್‌ಇಡಿ ಬಲ್ಬುಗಳು ಮಾತ್ರ ಏನೂ ಆಗದವರಂತೆ ಉರಿಯುತ್ತಿದ್ದವು. ಅಳೆದು ನೋಡಿದಾಗ ಸುಮಾರು 115 ವೋಲ್ಟ್ ಇತ್ತು. ಹಳ್ಳದಾಚೆಯ ಮನೆಯವರಿಗೆ ಫೋನು ಮಾಡಿದೆ. ಅಲ್ಲಿಯೂ ಅದೇ ಕತೆ. ಮೇಲಿನ ಕೇರಿಯ ಮೂರನೆಯ ಮನೆಯವರು ತಮ್ಮಲ್ಲಿ ಎಲ್ಲ ಸರಿಯಾಗಿದೆ ಎಂದರು. ಮರುದಿನ ಬೆಳಗಿನ ಹೊತ್ತಿಗೆ ಎಲ್ಲರ ಕರೆಂಟೂ ಪೂರ್ತಿ ಹೋಗಿತ್ತು. ಮುಂದಿನ ಎರಡು ರಾತ್ರಿ ಕತ್ತಲೆ. ಇಬ್ಬರು ಲೈನ್‌ಮನ್‌ಗಳು ಸುರಿಯುವ ಮಳೆಯಲ್ಲಿ ಉಂಬಳ ಕಚ್ಚಿಸಿಕೊಂಡು, ಕತ್ತಿಯಿಂದ ದಾರಿ ಬಿಡಿಸಿಕೊಳ್ಳುತ್ತ, ಉಪಕೇಂದ್ರದ ಕಡೆಯಿಂದ ಕಂಬ ಕಂಬ ನೋಡುತ್ತ ಸುಮಾರು 14 ಕಿಲೋಮೀಟರ್ ಲೈನು ನಡೆದರು. ಕೊನೆಗೆ ಸೊಪ್ಪಿನ ಬೆಟ್ಟದ ಮಧ್ಯದ ಒಂದು ಕಂಬದಲ್ಲಿ ಮೂರು ಫೇಸುಗಳಲ್ಲಿ, ಅಂದರೆ ಮೂರು ತಂತಿಗಳಲ್ಲಿ, ಒಂದರ ಜಂಪ್ (ಕಂಬದ ಮೇಲೆ ಎರಡು ಕಡೆಯ ತಂತಿಗಳನ್ನು ಜೋಡಿಸುವ ತುಂಡು) ಕಟ್ಟಾಗಿ ಜೋತುಬಿದ್ದಿದ್ದು, ಅದರ ಮೇಲೆ ಮತ್ತಿಯ ಟೊಂಗೆ ಒರಗಿದ್ದು ಕಣ್ಣಿಗೆ ಬಿತ್ತು. ಅವರ ಮೇಲೆ ನನಗೆ ಒಂದಿಷ್ಟೂ ದೂರಿಲ್ಲ. ಅವರು ನಡೆದ ನಡಿಗೆ ನೆನೆದರೆ ಇಂದಿಗೂ ಕೃತಜ್ಞತೆಯಿಂದ ಗಂಟಲು ಕಟ್ಟುತ್ತದೆ. ನನ್ನ ನೋವು ಇರುವುದು ಆ ನಡಿಗೆಯ ಬಹುಪಾಲು ಬೇಕೇ ಇರಲಿಲ್ಲ ಎಂಬಲ್ಲಿ.

ಏಕೆಂದರೆ ಆ ಸಂಜೆಯ ಮೂರು ಮನೆಗಳ ಮೂರು ಅಂಕಿಗಳಲ್ಲಿಯೇ ಉತ್ತರ ಇತ್ತು. ನಮ್ಮೂರಿನ ಟಿ.ಸಿ.ಗಳಲ್ಲಿ 11 ಕೆ.ವಿ. ಕಡೆಯ ಸುರುಳಿಗಳನ್ನು ತ್ರಿಕೋನದಂತೆ, ಅಂದರೆ ಡೆಲ್ಟಾ ರೀತಿಯಲ್ಲಿ ಜೋಡಿಸಿರುತ್ತಾರೆ. ಮನೆಗಳ ಕಡೆಯ ಸುರುಳಿಗಳು ಸ್ಟಾರ್ ರೀತಿಯಲ್ಲಿದ್ದು ನಡುವೆ ನ್ಯೂಟ್ರಲ್ ಇರುತ್ತದೆ. ಮೇಲಿನ ಮೂರು ತಂತಿಗಳಲ್ಲಿ ಒಂದು ತುಂಡಾದರೆ, ಉಳಿದ ಎರಡು ತಂತಿಗಳ ನಡುವೆ ನೇರವಾಗಿ ಇರುವ ಸುರುಳಿಗೆ ಪೂರ್ತಿ ವೋಲ್ಟೇಜ್ ಸಿಗುತ್ತದೆ, ಮಿಕ್ಕ ಎರಡು ಸುರುಳಿಗಳು ಒಂದರ ಬೆನ್ನಿಗೊಂದು ನಿಂತು ಅದೇ ವೋಲ್ಟೇಜನ್ನು ಹಂಚಿಕೊಳ್ಳುತ್ತವೆ. ಹೀಗಾಗಿ ಊರಿನ ಮೂರರಲ್ಲಿ ಒಂದು ಪಾಲು ಮನೆಗಳಿಗೆ 230 ವೋಲ್ಟ್, ಮಿಕ್ಕ ಎರಡು ಪಾಲಿಗೆ ಅದರ ಅರ್ಧದ ಆಸುಪಾಸು. ಇದೇ ಟಿ.ಸಿ.ಯ ಕೆಳಗಿನ ಎಲ್.ಟಿ. ಫ್ಯೂಸ್, ಅಂದರೆ ಮನೆಗಳ ಕಡೆಯ ಕಡಿಮೆ ವೋಲ್ಟೇಜಿನ ಫ್ಯೂಸ್, ಹೋಗಿದ್ದರೆ ಚಿತ್ರ ಬೇರೆಯಾಗುತ್ತಿತ್ತು: ಒಂದು ಫೇಸಿನ ಮನೆಗಳು ಪೂರ್ತಿ ಕತ್ತಲಾಗಿ, ಉಳಿದ ಎರಡು ಫೇಸಿನ ಮನೆಗಳು ಎಂದಿನಂತೆ ಇರುತ್ತಿದ್ದವು. ಎರಡು ಕಡೆ ಅರ್ಧ, ಒಂದು ಕಡೆ ಪೂರ್ತಿ ಎಂದರೆ ತೊಂದರೆ 11 ಕೆ.ವಿ. ಕಡೆಯದು ಎಂದು ಕಂಬ ಹತ್ತದೆಯೇ ಹೇಳಬಹುದು. ಇನ್ನೊಂದು ಹೆಜ್ಜೆ ಮುಂದೆ ಹೋದರೆ, ತುಂಡಾದ ಜಾಗದಿಂದ ಆಚೆಗಿನ ಎಲ್ಲ ಟಿ.ಸಿ.ಗಳಲ್ಲೂ ಇದೇ ಲಕ್ಷಣ ಕಾಣುತ್ತದೆ, ಈಚೆಗಿನ ಟಿ.ಸಿ.ಗಳಲ್ಲಿ ಕಾಣುವುದಿಲ್ಲ. ಸರಿಯಿರುವ ಕೊನೆಯ ಟಿ.ಸಿ. ಮತ್ತು ಕೆಟ್ಟಿರುವ ಮೊದಲ ಟಿ.ಸಿ. ಯಾವುವು ಎಂದು ಗೊತ್ತಾದರೆ ಹುಡುಕಬೇಕಾದದ್ದು ಅವೆರಡರ ನಡುವಿನ ತುಂಡನ್ನು ಮಾತ್ರ. 14 ಕಿಲೋಮೀಟರಿನ ಬದಲು ಪ್ರಾಯಶಃ ಒಂದು ಕಿಲೋಮೀಟರ್ ನಡೆದರೆ ಸಾಕಿತ್ತು.

ಆ ರಾತ್ರಿ ಈ ಅಂಕಿಗಳು ಇರಲಿಲ್ಲ ಎಂದಲ್ಲ. ಉಪಕೇಂದ್ರದಲ್ಲಿ ಪ್ರತಿ ಫೀಡರಿನ, ಅಂದರೆ ಅಲ್ಲಿಂದ ಹೊರಡುವ ಪ್ರತಿ 11 ಕೆ.ವಿ. ಲೈನಿನ, ಮೂರು ಫೇಸುಗಳ ಕರೆಂಟನ್ನು ಗಂಟೆಗೊಮ್ಮೆ ಲಾಗ್ ಪುಸ್ತಕದಲ್ಲಿ ಬರೆಯುವ ಪದ್ಧತಿ ಹಿಂದಿನಿಂದ ಇದೆ; ಆ ಸಂಜೆ ಒಂದು ಫೇಸಿನ ಕರೆಂಟು ಇಳಿದದ್ದು ಅಲ್ಲಿ ಕಂಡಿರಲೇಬೇಕು. ಟಿ.ಸಿ.ಗಳಿಗೆ ಮೀಟರ್ ಕೂರಿಸುವ ಕೆಲಸ ವರ್ಷಗಳಿಂದ ನಡೆದಿದೆ. ಮನೆಮನೆಯ ಮೀಟರಿನ ತಿಂಗಳ ರೀಡಿಂಗ್ ಬಿಲ್ಲಿನ ಲೆಕ್ಕದಲ್ಲಿ ಕುಳಿತಿದೆ. ಗ್ರಾಹಕರು 1912ಕ್ಕೆ ಮಾಡಿದ ಕರೆಗಳು ದೂರಿನ ಪಟ್ಟಿಯಲ್ಲಿವೆ. ಇವು ಒಂದೊಂದೂ ಒಂದೊಂದು ಕಡೆ ಇವೆ. ಇವುಗಳನ್ನು ಒಂದೇ ನಕ್ಷೆಯ ಮೇಲೆ ತಂದು, ಒಂದಕ್ಕೊಂದು ತಾಳೆ ನೋಡಿ, 'ಲೈನು ಈಗ ಹೀಗಿದೆ' ಎಂದು ಹೇಳುವ ವ್ಯವಸ್ಥೆ ಇಲ್ಲ. ಎಂಜಿನಿಯರುಗಳ ಭಾಷೆಯಲ್ಲಿ ಆ ವ್ಯವಸ್ಥೆಗೆ ಸ್ಥಿತಿ ಅಂದಾಜು ಎಂದು ಹೆಸರು.

ಇದೇನೂ ಹೊಸ ವಿದ್ಯೆಯಲ್ಲ. 1965ರ ನವೆಂಬರ್ 9ರಂದು ಅಮೆರಿಕದ ಈಶಾನ್ಯ ಭಾಗ ಮತ್ತು ಕೆನಡಾದ ಒಂಟಾರಿಯೊದಲ್ಲಿ ಸುಮಾರು 3 ಕೋಟಿ ಜನ ಒಮ್ಮೆಲೇ ಕತ್ತಲಿಗೆ ಬಿದ್ದ ಮೇಲೆ, ದೊಡ್ಡ ಜಾಲದ ಸ್ಥಿತಿಯನ್ನು ಕ್ಷಣಕ್ಷಣಕ್ಕೂ ತಿಳಿಯದೆ ಅದನ್ನು ನಡೆಸುವುದು ಅಪಾಯ ಎಂಬ ಅರಿವು ಬಲವಾಯಿತು. ಮಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಫ್ರೆಡ್ ಶ್ವೆಪ್ಪಿ 1970ರಲ್ಲಿ ಇದರ ಗಣಿತವನ್ನು ಮೂರು ಭಾಗಗಳ ಪ್ರಬಂಧದಲ್ಲಿ ಬರೆದಿಟ್ಟರು. ಇಂದು ನಮ್ಮ ದೇಶದಲ್ಲೂ ಉನ್ನತ ವೋಲ್ಟೇಜಿನ ಜಾಲಕ್ಕೆ ಈ ಲೆಕ್ಕ ನಿರಂತರವಾಗಿ ನಡೆಯುತ್ತದೆ. ಕೈಗಾದ ತಲಾ 220 ಮೆಗಾವ್ಯಾಟಿನ ನಾಲ್ಕು ಘಟಕಗಳು, ಕದ್ರಾದ 150, ಕೊಡಸಳ್ಳಿಯ 120, ಗೇರುಸೊಪ್ಪೆಯ 240 ಮೆಗಾವ್ಯಾಟ್, ಇವೆಲ್ಲ ನಮ್ಮದೇ ಜಿಲ್ಲೆಯಲ್ಲಿವೆ. ಅಲ್ಲಿಂದ ಹೊರಟ ವಿದ್ಯುತ್ತು ಯಾವ ಲೈನಿನಲ್ಲಿ ಎಷ್ಟು ಹರಿಯುತ್ತಿದೆ ಎಂದು ಬೆಂಗಳೂರಿನ ಲೋಡ್ ಡಿಸ್ಪ್ಯಾಚ್ ಕೇಂದ್ರಗಳಲ್ಲಿ ಪರದೆಯ ಮೇಲೆ ಕಾಣುತ್ತದೆ. ಅದೇ ವಿದ್ಯುತ್ತು ಇಳಿಯುತ್ತ ಇಳಿಯುತ್ತ 11 ಕೆ.ವಿ. ಆಗಿ ನಮ್ಮ ಬೆಟ್ಟದೊಳಗೆ ಹೊಕ್ಕಮೇಲೆ ಅದನ್ನು ನೋಡುವ ಕಣ್ಣಿಲ್ಲ. ಕಾಳಿಗೂ ಶರಾವತಿಗೂ ಕಟ್ಟೆ ಕಟ್ಟಲು ಊರುಗಳನ್ನೇ ಬಿಟ್ಟುಕೊಟ್ಟ ಜಿಲ್ಲೆಯವರಾಗಿ ಈ ಮಾತನ್ನು ಕೇಳುವ ಹಕ್ಕು ನಮಗಿದೆ ಎಂದು ನಾನು ನಂಬುತ್ತೇನೆ.

ಅಂದಾಜು ಎಂಬ ಮಾತು ಕೇಳಿ ಇದು ಬರೀ ಊಹೆ ಎಂದು ಓದುಗರು ತಿಳಿಯಬಾರದು. ನಮ್ಮಲ್ಲಿ ಅಡಿಕೆ ಫಸಲು ಗುತ್ತಿಗೆ ಹಿಡಿಯುವವರು ತೋಟ ನೋಡಲು ಬರುವುದನ್ನು ನೆನಪಿಸಿಕೊಳ್ಳಿ. ಅವರು ಎಲ್ಲ ಮರದ ಕೊನೆಯನ್ನೂ, ಅಂದರೆ ಅಡಿಕೆ ಗೊನೆಯನ್ನೂ, ಎಣಿಸುವುದಿಲ್ಲ. ಅಲ್ಲೊಂದು ಇಲ್ಲೊಂದು ಸಾಲಿನ ಮರಗಳ ಕೊನೆಗಳನ್ನು ಕಣ್ಣಾರೆ ಎಣಿಸುತ್ತಾರೆ. ಹೋದ ವರ್ಷ ಎಷ್ಟು ಕ್ವಿಂಟಲ್ ಆಗಿತ್ತೆಂದು ಯಜಮಾನರನ್ನು ಕೇಳುತ್ತಾರೆ. ಕೊಳೆರೋಗ ಬಂದು ಉದುರಿದ್ದೆಷ್ಟು ಎಂದು ಬುಡದಲ್ಲಿ ನೋಡುತ್ತಾರೆ. ಮರ ಹತ್ತಿ ಮದ್ದು ಹೊಡೆದ ಕೊನೆಗೌಡನನ್ನೂ ವಿಚಾರಿಸುತ್ತಾರೆ. ಈ ಎಲ್ಲ ಮಾತುಗಳಿಗೂ ಅವರ ಮನಸ್ಸಿನಲ್ಲಿ ಒಂದೇ ಬೆಲೆ ಇರುವುದಿಲ್ಲ. ತಾವೇ ಎಣಿಸಿದ್ದಕ್ಕೆ ಹೆಚ್ಚು ತೂಕ, ಹೋದ ವರ್ಷದ ಲೆಕ್ಕಕ್ಕೆ ಅದಕ್ಕಿಂತ ಕಡಿಮೆ, ಕೇಳಿದ ಮಾತಿಗೆ ಇನ್ನೂ ಕಡಿಮೆ. ಎಲ್ಲದಕ್ಕೂ ಆದಷ್ಟು ಹೊಂದುವ ಒಂದು ಅಂಕಿಯನ್ನು ಅವರು ಹೇಳುತ್ತಾರೆ, ಮತ್ತು ಅನುಭವಿಗಳ ಅಂಕಿ ಬಹಳ ದೂರ ಹೋಗುವುದಿಲ್ಲ. ವಿದ್ಯುತ್ ಜಾಲದ ಸ್ಥಿತಿ ಅಂದಾಜಿನಲ್ಲಿ ಆಗುವುದೂ ಇದೇ. ಪ್ರತಿಯೊಂದು ಅಳತೆಗೂ ಅದರ ನಂಬಿಕೆಗೆ ತಕ್ಕ ತೂಕ ಕೊಟ್ಟು, ಅಳತೆಗೂ ಲೆಕ್ಕಕ್ಕೂ ನಡುವಿನ ವ್ಯತ್ಯಾಸಗಳ ವರ್ಗಗಳನ್ನು ಆ ತೂಕದಿಂದ ಗುಣಿಸಿ ಕೂಡಿಸಿದ ಮೊತ್ತ ಅತ್ಯಂತ ಕಡಿಮೆಯಾಗುವಂಥ ಸ್ಥಿತಿಯನ್ನು ಗಣಕಯಂತ್ರ ಹುಡುಕುತ್ತದೆ. ಇದರ ಮೂಲ ಗಣಿತವನ್ನು ಫ್ರೆಂಚ್ ಗಣಿತಜ್ಞ ಲಜಾಂಡ್ರ್ 1805ರಲ್ಲೇ ಪ್ರಕಟಿಸಿದ್ದರು. ಧೂಮಕೇತುಗಳ ಪಥ ಕಂಡುಹಿಡಿಯಲು ಹುಟ್ಟಿದ ವಿಧಾನವದು.

ಉನ್ನತ ವೋಲ್ಟೇಜಿನ ಜಾಲದಲ್ಲಿ ತಿಳಿಯಬೇಕಾದ ಸಂಗತಿಗಳಿಗಿಂತ ಅಳತೆಗಳೇ ಹೆಚ್ಚಿರುತ್ತವೆ. ನಮ್ಮ ಹಳ್ಳಿಯ ಫೀಡರಿನಲ್ಲಿ ಇದು ತಿರುಗುಮುರುಗು: ನೂರಾರು ಕಂಬ, ಹತ್ತಾರು ಟಿ.ಸಿ., ಅಳತೆ ಮಾತ್ರ ಉಪಕೇಂದ್ರದ ಬಾಯಿಯಲ್ಲಿ ಒಂದು. ಅಲ್ಲದೆ ಇಲ್ಲಿಯ ತಂತಿಗಳು ತೆಳ್ಳಗಿರುವುದರಿಂದ ರೋಧದ ಪಾಲು ಹೆಚ್ಚು, ಮೂರು ಫೇಸುಗಳ ಮೇಲಿನ ಹೊರೆ ಒಂದೇ ಸಮ ಇರುವುದಿಲ್ಲ, ಎಷ್ಟೋ ಕವಲುಗಳು ಒಂದೋ ಎರಡೋ ಫೇಸಿನವು. ಆದ್ದರಿಂದ ದೊಡ್ಡ ಜಾಲದ ಲೆಕ್ಕವನ್ನು ಹಾಗೆಯೇ ಇಲ್ಲಿಗೆ ತಂದರೆ ನಡೆಯದು. 1990ರ ದಶಕದ ಮಧ್ಯಭಾಗದಲ್ಲಿ ಉತ್ತರ ಕೆರೊಲಿನಾ ರಾಜ್ಯ ವಿಶ್ವವಿದ್ಯಾಲಯದ ಬರಾನ್ ಮತ್ತು ಕೆಲ್ಲಿ ಎಂಬ ಸಂಶೋಧಕರು ವಿತರಣಾ ಜಾಲಕ್ಕೆ ಒಗ್ಗುವಂತೆ, ಮೂರು ಫೇಸುಗಳನ್ನೂ ಬೇರೆ ಬೇರೆಯಾಗಿ ಹಿಡಿದು ಲೆಕ್ಕ ಮಾಡುವ ದಾರಿ ತೋರಿಸಿದರು. ಕಂಬದ ವೋಲ್ಟೇಜಿನ ಬದಲು ಕವಲಿನ ಕರೆಂಟನ್ನೇ ಮುಖ್ಯ ಅಜ್ಞಾತವಾಗಿ ಹಿಡಿದರೆ ಲೆಕ್ಕ ಹಗುರಾಗುತ್ತದೆ ಎಂಬುದನ್ನೂ ಅವರು ತೋರಿಸಿದರು. ಅಳತೆ ಇಲ್ಲದ ಕಡೆ ಏನು ಮಾಡುವುದು? ಹೋದ ವರ್ಷದ ಲೆಕ್ಕ ಕೇಳುವ ಗುತ್ತಿಗೆದಾರರಂತೆ, ಆ ಟಿ.ಸಿ.ಗೆ ಸೇರಿದ ಮನೆಗಳ ಬಿಲ್ಲು, ದಿನದ ಹೊತ್ತು, ಋತು ಇವುಗಳಿಂದ ಒಂದು ಬದಲಿ ಅಂಕಿಯನ್ನು ಇಟ್ಟು ಅದಕ್ಕೆ ಕಡಿಮೆ ತೂಕ ಕೊಡುವುದು. ಟಿ.ಸಿ.ಯೇ ಇಲ್ಲದ, ಲೈನು ಕವಲೊಡೆಯುವ ಕಂಬಗಳಲ್ಲಿ ಬಂದಷ್ಟೂ ಕರೆಂಟು ಹೋಗಲೇಬೇಕು; ಆ ತಿಳಿವಳಿಕೆಗೆ ಯಾವ ಮೀಟರಿನ ಖರ್ಚೂ ಇಲ್ಲ, ಅದರ ತೂಕವೋ ಎಲ್ಲಕ್ಕಿಂತ ಹೆಚ್ಚು.

ಒಂದು ಚಿಕ್ಕ ಲೆಕ್ಕವನ್ನು ಇಲ್ಲಿ ಕೊಡುತ್ತೇನೆ, ಏಕೆಂದರೆ ಇದನ್ನು ಯಾರಾದರೂ ತಮ್ಮ ಮನೆಯಲ್ಲಿಯೇ ಮಾಡಿ ನೋಡಬಹುದು. ಟಿ.ಸಿ.ಯಿಂದ 600 ಮೀಟರ್ ದೂರದ ತೋಟದ ಮನೆಗೆ ಎರಡು ತಂತಿಯ ಸಿಂಗಲ್ ಫೇಸ್ ಲೈನು ಹೋಗಿದೆ ಎಂದುಕೊಳ್ಳಿ. ನಮ್ಮ ಕಡೆ ಬಳಕೆಯಲ್ಲಿರುವ ವೀಸೆಲ್ ತಂತಿಗೆ ಕಿಲೋಮೀಟರಿಗೆ ಸುಮಾರು 0.93 ಓಮ್ ರೋಧ. ಹೋಗುವ ತಂತಿ, ಬರುವ ತಂತಿ ಎರಡೂ ಸೇರಿ 1.2 ಕಿಲೋಮೀಟರಿಗೆ ಸುಮಾರು 1.1 ಓಮ್ ಆಗುತ್ತದೆ. ಎರಡು ಎಚ್‌ಪಿಯ ಎರಡು ಪಂಪು ಒಟ್ಟಿಗೆ ಓಡಿ 20 ಆಂಪಿಯರ್ ಎಳೆದರೆ ದಾರಿಯಲ್ಲೇ 22 ವೋಲ್ಟ್ ಕಳೆದುಹೋಗಿ ಮನೆ ತಲುಪುವುದು 208. ಎಲ್.ಟಿ. ಗ್ರಾಹಕರಿಗೆ ಶೇಕಡಾ 6ಕ್ಕಿಂತ ಹೆಚ್ಚು ಏರಿಳಿತ ಇರಬಾರದು ಎಂದು 1956ರ ಭಾರತೀಯ ವಿದ್ಯುಚ್ಛಕ್ತಿ ನಿಯಮಗಳಲ್ಲೇ ಹೇಳಿತ್ತು. ಅಂದರೆ 216ಕ್ಕಿಂತ ಕೆಳಗೆ ಇಳಿಯಬಾರದು. ಲೆಕ್ಕ ಇಷ್ಟಕ್ಕೇ ಮುಗಿಯುವುದಿಲ್ಲ. ಅದೇ ಮನೆಯಲ್ಲಿ ಅಳೆದು ನೋಡಿದಾಗ 208ರ ಬದಲು 190 ಬಂದರೆ ಏನರ್ಥ? ಉಳಿದ 18 ವೋಲ್ಟ್ ಎಲ್ಲೋ ದಾರಿಯಲ್ಲಿ ಸೋರುತ್ತಿದೆ. 20 ಆಂಪಿಯರಿಗೆ 18 ವೋಲ್ಟ್ ಎಂದರೆ 360 ವ್ಯಾಟ್. ಎಲ್ಲೋ ಒಂದು ಕಂಬದ ಮೇಲೆ, ಕೈಯಲ್ಲಿ ತಿರುಚಿ ಕಟ್ಟಿದ ಸಡಿಲ ಜೋಡಣೆಯೊಂದು ಇಷ್ಟು ಶಾಖ ಉಗುಳುತ್ತ ಕೆಂಪಗಾಗುತ್ತಿದೆ. ಅದು ಮುಂದಿನ ಮಳೆಗೆ ತುಂಡಾಗುವ ಜಾಗ. ಲೆಕ್ಕ ಹೇಳಿದ್ದಕ್ಕೂ ಅಳತೆ ಹೇಳಿದ್ದಕ್ಕೂ ಇರುವ ಈ ವ್ಯತ್ಯಾಸವೇ ಸ್ಥಿತಿ ಅಂದಾಜಿನ ಅತ್ಯಂತ ಬೆಲೆಬಾಳುವ ಫಲ ಎಂದು ನನ್ನ ಅಭಿಪ್ರಾಯ. ಮೇ ತಿಂಗಳಲ್ಲಿ, ಮಳೆ ಶುರುವಾಗುವ ಮೊದಲು, ಯಾವ ಯಾವ ಜೋಡಣೆ ನೋಡಬೇಕೆಂಬ ಪಟ್ಟಿ ಕೈಗೆ ಸಿಕ್ಕರೆ ಲೈನ್‌ಮನ್‌ಗಳ ಶ್ರಮ ಎಷ್ಟು ಸಾರ್ಥಕವಾದೀತು!

ಕರಾವಳಿಯ ಓದುಗರಿಗೆ ಇದು ಘಟ್ಟದ ಮೇಲಿನವರ ಮಾತು ಅನ್ನಿಸಬಾರದು. ಕಾರವಾರದ ಬೈತಖೋಲ, ಕುಮಟಾ ಬಳಿಯ ತದಡಿಯಂಥ ಬಂದರುಗಳಲ್ಲಿ ಮೀನಿಗೆ ಬೇಕಾದ ಐಸಿನ ಕಾರ್ಖಾನೆಗಳ ಹೊರೆ ರಾತ್ರಿಯಿಡೀ ಇರುತ್ತದೆ. ಬೋಟುಗಳು ಕಡಲಿಗಿಳಿಯದ ಮಳೆಗಾಲದಲ್ಲಿ ಅದು ಇಳಿಯುತ್ತದೆ. ಗೋಕರ್ಣ, ಮುರ್ಡೇಶ್ವರಗಳಲ್ಲಿ ರಜೆಯ ದಿನಗಳಿಗೆ ಎ.ಸಿ.ಗಳ ಹೊರೆ ಏರುತ್ತದೆ. ಉಪ್ಪಿನ ಗಾಳಿ ಇನ್ಸುಲೇಟರುಗಳ ಮೇಲೆ ಪದರ ಕಟ್ಟಿ, ಮೊದಲ ತುಂತುರು ಬಿದ್ದೊಡನೆ ಅದರ ಮೇಲಿಂದಲೇ ಕರೆಂಟು ಜಾರತೊಡಗುತ್ತದೆ. ಇದರೊಂದಿಗೆ ಈಗ ಮನೆಯ ಮಾಡಿನ ಮೇಲೆ ಸೌರ ಫಲಕಗಳು ಬರುತ್ತಿವೆ. ಕೇಂದ್ರದ ಸೂರ್ಯಘರ್ ಯೋಜನೆ 2024ರಲ್ಲಿ ಶುರುವಾದ ಮೇಲೆ 3 ಕಿಲೋವ್ಯಾಟಿನ ಫಲಕಕ್ಕೆ 78,000 ರೂಪಾಯಿ ಸಹಾಯಧನ ಸಿಗುತ್ತಿದೆ. ಬೇಸಿಗೆಯ ನಡುಹಗಲು ಫಲಕಗಳ ವಿದ್ಯುತ್ತು ಲೈನಿಗೆ ತಿರುಗಿ ಹರಿದಾಗ, ಲೈನಿನ ತುದಿಯ ಮನೆಯಲ್ಲಿ ವೋಲ್ಟೇಜು ಇಳಿಯುವ ಬದಲು ಏರುತ್ತದೆ. ಸಂಜೆ ಅದೇ ಮನೆಯಲ್ಲಿ ಅದು ಕುಸಿಯುತ್ತದೆ. ಟಿ.ಸಿ.ಯಿಂದ ದೂರ ಹೋದಷ್ಟೂ ವೋಲ್ಟೇಜು ಕಡಿಮೆ ಎಂಬ ಹಳೆಯ ಲೆಕ್ಕವನ್ನೇ ನಂಬಿ ಟಿ.ಸಿ.ಯ ಟ್ಯಾಪು ಬದಲಿಸಿ ವೋಲ್ಟೇಜು ಏರಿಸುವ ಕಾಲ ಮುಗಿಯುತ್ತಿದೆ.

ಇನ್ನು ಈ ಲೆಕ್ಕಕ್ಕೆ ಅಡಿಪಾಯವಾದ ಒಂದು ವಿಷಯವನ್ನು ಒತ್ತಿ ಹೇಳಬೇಕು. ಯಾವ ಮನೆ ಯಾವ ಫೇಸಿಗೆ, ಯಾವ ಟಿ.ಸಿ.ಗೆ, ಯಾವ ಫೀಡರಿಗೆ ಸೇರಿದೆ, ಯಾವ ಜಿ.ಒ.ಎಸ್. ಸ್ವಿಚ್ಚು (ಕಂಬದ ಮೇಲೆ ಮೂರೂ ತಂತಿಗಳನ್ನು ಒಟ್ಟಿಗೆ ಬಿಡಿಸುವ ಸ್ವಿಚ್ಚು) ಈಗ ತೆರೆದಿದೆ, ಯಾವುದು ಮುಚ್ಚಿದೆ ಎಂಬ ನಕ್ಷೆ ಸರಿಯಿರದಿದ್ದರೆ ಎಷ್ಟು ಒಳ್ಳೆಯ ಗಣಿತವೂ ಸುಳ್ಳು ಹೇಳುತ್ತದೆ. ನಮ್ಮಲ್ಲಿ ಮಾರಿಕಾಂಬಾ ಜಾತ್ರೆಯಂಥ ಸಂದರ್ಭದಲ್ಲಿ, ಇಲ್ಲವೇ ಮಳೆಗಾಲದ ತುರ್ತಿನಲ್ಲಿ, ಒಂದು ಫೀಡರಿನ ಹೊರೆಯನ್ನು ಇನ್ನೊಂದಕ್ಕೆ ತಿರುಗಿಸುವುದು ಅನಿವಾರ್ಯವಾಗುತ್ತದೆ. ತಿರುಗಿಸಿದ್ದು ಲೈನ್‌ಮನ್‌ನ ನೆನಪಿನಲ್ಲಿ ಮಾತ್ರ ಉಳಿದು, ಅವರಿಗೆ ವರ್ಗವಾದಾಗ ನೆನಪೂ ಅವರೊಂದಿಗೆ ಹೋಗುತ್ತದೆ. ಇದು ಚಿಕ್ಕ ಊರಿನ ಸಮಸ್ಯೆ ಎಂದು ಭಾವಿಸಬೇಕಾಗಿಲ್ಲ. 2003ರ ಆಗಸ್ಟ್ 14ರಂದು ಅಮೆರಿಕದ ಮಧ್ಯಪಶ್ಚಿಮ ಭಾಗದ ಜಾಲವನ್ನು ನೋಡಿಕೊಳ್ಳುತ್ತಿದ್ದ ಕೇಂದ್ರದಲ್ಲಿ, ಕೆಟ್ಟುನಿಂತ ಒಂದು 230 ಕೆ.ವಿ. ಲೈನಿನ ಸ್ಥಿತಿ ಗಣಕಯಂತ್ರದ ನಕ್ಷೆಗೆ ತಾನಾಗಿ ಬಂದಿರಲಿಲ್ಲ, ಮಧ್ಯಾಹ್ನ 12.15ರ ಹೊತ್ತಿಗೆ ಸ್ಥಿತಿ ಅಂದಾಜಿನ ಲೆಕ್ಕ ಹೊಂದದಾಯಿತು. ಅದನ್ನು ಸರಿಪಡಿಸಲು ಒಬ್ಬ ತಜ್ಞರು ಐದು ನಿಮಿಷಕ್ಕೊಮ್ಮೆ ತಾನಾಗಿ ಓಡುವ ಏರ್ಪಾಟನ್ನು ನಿಲ್ಲಿಸಿ, ತಪ್ಪನ್ನು ತಿದ್ದಿ, ಮತ್ತೆ ಚಾಲೂ ಮಾಡಲು ಮರೆತು ಊಟಕ್ಕೆ ಹೋದರು. ಅದು ಗಮನಕ್ಕೆ ಬರುವಾಗ ಮೊದಲ ತೊಂದರೆ ಶುರುವಾಗಿ ಎರಡು ಗಂಟೆಗೂ ಹೆಚ್ಚು ಕಳೆದಿತ್ತು. ಅಷ್ಟರಲ್ಲಿ ಇನ್ನೊಂದು 345 ಕೆ.ವಿ. ಲೈನು ಬಿದ್ದುಹೋಗಿದ್ದು, ಅದೂ ನಕ್ಷೆಯಲ್ಲಿ ಇರಲಿಲ್ಲ. ಓಹಾಯೊದಲ್ಲಿ ಮರಗಳಿಗೆ ತಾಗಿ ಒಂದೊಂದೇ ಲೈನು ಕಳಚುತ್ತಿದ್ದಾಗ ಆ ಕೇಂದ್ರಕ್ಕೆ ನಿಜಸ್ಥಿತಿ ಕಾಣಲಿಲ್ಲ. ಸಂಜೆ 4 ಗಂಟೆ ದಾಟುತ್ತಲೇ ಸುಮಾರು 5 ಕೋಟಿ ಜನರ ವಿದ್ಯುತ್ತು ಹೋಯಿತು. ಆ ದುರಂತಕ್ಕೆ ಕಾರಣಗಳು ಹಲವು. ಆದರೂ ನಕ್ಷೆಯನ್ನು ದಿನದಿನವೂ ನಿಜಕ್ಕೆ ತಕ್ಕಂತೆ ಇಡುವುದು ಎಷ್ಟು ಮುಖ್ಯ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಈ ವಿದ್ಯೆಗೆ ಮಿತಿಗಳೂ ಇವೆ. ನಮ್ಮ ಕಣಿವೆಗಳಲ್ಲಿ ಮೊಬೈಲ್ ಸಿಗ್ನಲ್ ಇಲ್ಲ. ಇರುವ ಟವರುಗಳೂ ಕರೆಂಟು ಹೋದ ಕೆಲವು ಗಂಟೆಗಳಲ್ಲಿ ಬ್ಯಾಟರಿ ಮುಗಿದು ಸುಮ್ಮನಾಗುತ್ತವೆ. ಸ್ಮಾರ್ಟ್ ಮೀಟರ್ ಕೂರಿಸಿದೊಡನೆ ಎಲ್ಲವೂ ಕಾಣುತ್ತದೆ ಎಂದು ಹೇಳುವವರು ಒಮ್ಮೆ ಜುಲೈ ತಿಂಗಳಲ್ಲಿ ಇಲ್ಲಿಗೆ ಬಂದು ನೋಡಬೇಕು. ಅಳತೆಗಳು ವಿರಳವಾಗಿರುವಲ್ಲಿ ಒಂದು ಮೀಟರೇ ತಪ್ಪು ಹೇಳಿದರೆ ಅದನ್ನು ಹಿಡಿಯಲು ತಾಳೆ ನೋಡುವ ಇನ್ನೊಂದು ಅಳತೆ ಇರುವುದಿಲ್ಲ. ಮೀಟರ್ ಇಲ್ಲದ ಪಂಪ್‌ಸೆಟ್ಟುಗಳ ಬಳಕೆಯನ್ನು ಅಂದಾಜಿನಲ್ಲೇ ಬರೆಯುವುದರಿಂದ ಲೈನಿನ ನಷ್ಟ ಯಾವುದು, ನೀರಾವರಿಯ ಬಳಕೆ ಯಾವುದು ಎಂದು ಬಿಡಿಸುವುದು ಕಷ್ಟ. ಹಾಗಾಗಿ ಈ ಲೆಕ್ಕ ಹೇಳುವ ಪ್ರತಿಯೊಂದು ವೋಲ್ಟೇಜಿನ ಜೊತೆಗೂ 'ಇಷ್ಟರ ಮಟ್ಟಿಗೆ ನಂಬಬಹುದು' ಎಂಬ ಅಂಕಿಯೂ ಬರಬೇಕು. ಅದನ್ನು ಮುಚ್ಚಿಟ್ಟು ಬರೀ ಬಣ್ಣಬಣ್ಣದ ನಕ್ಷೆ ತೋರಿಸುವುದು ತಪ್ಪು. ಮನೆಯೊಳಗಿನ ಬಳಕೆ ಹೊರಗೆ ತಿಳಿಯುತ್ತದೆ ಎಂಬ ಅಳುಕು ಹಲವರಿಗಿದೆ. ಫೀಡರಿನ ಸ್ಥಿತಿ ತಿಳಿಯಲು ಟಿ.ಸಿ.ಯ ಒಟ್ಟು ಅಂಕಿ ಸಾಕು, ಒಂದೊಂದು ಮನೆಯ ದಿನಚರಿ ಬೇಡ.

ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆ ಜೀವದ ಕುರಿತಾದದ್ದು. ಅಂದು ನಮ್ಮ ಬೆಟ್ಟದಲ್ಲಿ ತುಂಡಾದ ಜಂಪಿನ ಆಚೆಗಿನ ತಂತಿ ಉಪಕೇಂದ್ರದಿಂದ ಕಡಿದುಹೋಗಿತ್ತು. ಆದರೂ ಲೈನು ಬಂದ್ ಆಗುವವರೆಗೆ ಅದು ಸತ್ತ ತಂತಿಯಾಗಿರಲಿಲ್ಲ. ಮುಂದಿನ ಟಿ.ಸಿ.ಗಳ ಡೆಲ್ಟಾ ಸುರುಳಿಗಳ ಮೂಲಕ ಉಳಿದ ಎರಡು ಫೇಸುಗಳಿಂದ ಅದಕ್ಕೆ ಸಾವಿರಾರು ವೋಲ್ಟ್ ಹಿಂದಿನಿಂದ ಬಂದಿರುತ್ತದೆ. ಅಂಥ ತಂತಿ ದರಕಿನ ಮೇಲೋ ಒಣ ಮರಳಿನ ಮೇಲೋ ಬಿದ್ದರೆ ಬ್ರೇಕರ್ ಟ್ರಿಪ್ ಆಗುವಷ್ಟು ಕರೆಂಟು ಹರಿಯದೇ ಇರಬಹುದು. ಬೆಳಿಗ್ಗೆ ಸೊಪ್ಪಿಗೆ ಹೋದವರು, ಬಿಟ್ಟ ದನ, ಶಾಲೆಗೆ ಹೊರಟ ಮಕ್ಕಳು ಅದನ್ನು ತುಳಿಯುತ್ತಾರೆ. ಮೂರು ಮನೆಗಳ ಅಂಕಿಗಳಿಂದ ಆ ಸಂಜೆಯೇ ಇದನ್ನು ಊಹಿಸಿ ಫೀಡರನ್ನು ನಿಲ್ಲಿಸಬಹುದಿತ್ತು ಎಂದು ನೆನೆದಾಗಲೆಲ್ಲ ನನಗೆ ನಡುಕ ಬರುತ್ತದೆ. ಹಾಗೆಂದು ಪರದೆಯ ಮೇಲೆ ಸೊನ್ನೆ ಕಂಡಿತೆಂದು ಯಾವ ಲೈನ್‌ಮನ್‌ನನ್ನೂ ಕಂಬ ಹತ್ತಿಸಬಾರದು. ಲೈನ್ ಕ್ಲಿಯರ್, ಅಂದರೆ ಲೈನು ಬಂದ್ ಮಾಡಿ ಕೊಡುವ ಅನುಮತಿ, ಪಡೆದು, ಪರೀಕ್ಷಿಸಿ, ಎರಡೂ ಬದಿಗೆ ಅರ್ಥಿಂಗ್ ಮಾಡಿದ ಮೇಲೆಯೇ ಕೈಯಿಡುವ ಪದ್ಧತಿಯನ್ನು ಯಾವ ಅಂದಾಜೂ ಬದಲಿಸಬಾರದು. ಅಂದಾಜು ಎಲ್ಲಿ ಅಪಾಯ ಇರಬಹುದೆಂದು ಹೇಳಲಿ. ಅಪಾಯವಿಲ್ಲ ಎಂದು ಹೇಳುವ ಅಧಿಕಾರ ಅದಕ್ಕೆ ಬೇಡ.

ನನ್ನ ಕೋರಿಕೆ ದೊಡ್ಡದಲ್ಲ. ಇಡೀ ಜಿಲ್ಲೆಗೆ ಒಮ್ಮೆಲೇ ಯೋಜನೆ ಮಾಡುವ ಬದಲು ಘಟ್ಟದ ಮೇಲೆ ಒಂದು, ಕರಾವಳಿಯಲ್ಲಿ ಒಂದು, ಹೀಗೆ ಎರಡು ಫೀಡರುಗಳನ್ನು ಆರಿಸಿ ಒಂದು ಮಳೆಗಾಲ ಈ ಪ್ರಯೋಗ ಮಾಡಲಿ. ಪ್ರತಿ ಫೀಡರಿನಲ್ಲಿ ಕವಲೊಡೆಯುವ ಮೂರೋ ನಾಲ್ಕೋ ಜಾಗದಲ್ಲಿ, ಸಿಗ್ನಲ್ ಸಿಗುವ ಕಡೆ ನೋಡಿ, ಮೂರು ಫೇಸುಗಳ ವೋಲ್ಟೇಜು ಮತ್ತು ಕರೆಂಟು ಅಳೆಯುವ ಮೀಟರ್ ಇರಲಿ. ಬಿಲ್ಲಿನ ಲೆಕ್ಕ ಬದಲಿ ಅಂಕಿಗಳಾಗಿ ಬರಲಿ. ಲೆಕ್ಕ ಮಾಡುವ ತಂತ್ರಾಂಶಕ್ಕೆ ದುಡ್ಡು ಕೊಡಬೇಕಾದ ಅಗತ್ಯವೂ ಇಲ್ಲ: ಅಮೆರಿಕದ ವಿದ್ಯುತ್ ಸಂಶೋಧನಾ ಸಂಸ್ಥೆ ಓಪನ್‌ಡಿಎಸ್‌ಎಸ್ ಎಂಬುದನ್ನು 2008ರಲ್ಲೇ ಎಲ್ಲರಿಗೂ ಉಚಿತವಾಗಿ ಬಿಟ್ಟುಕೊಟ್ಟಿದೆ; ಜರ್ಮನಿಯ ಕಾಸೆಲ್ ವಿಶ್ವವಿದ್ಯಾಲಯದವರು ಸೇರಿ ಮಾಡಿದ ಪಾಂಡಾಪವರ್‌ನಲ್ಲಿ ಸ್ಥಿತಿ ಅಂದಾಜಿನ ಲೆಕ್ಕವೂ ಇದೆ. ನಮ್ಮ ಜಿಲ್ಲೆಯ ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಲೈನ್‌ಮನ್‌ಗಳ ಜೊತೆಗೆ ಲೈನು ನಡೆದು ಕಂಬದ ನಂಬರು, ತಂತಿಯ ಜಾತಿ, ಫೇಸು, ಸ್ವಿಚ್ಚು ಎಲ್ಲವನ್ನೂ ಗುರುತು ಹಾಕಿಕೊಂಡರೆ ನಕ್ಷೆ ತಯಾರಾಗುತ್ತದೆ. ಆ ನಕ್ಷೆಗೆ ಬೇಕಾದ ವಿದ್ಯೆಯ ಅರ್ಧ ಭಾಗ ಇಪ್ಪತ್ತು ಮೂವತ್ತು ವರ್ಷ ಇದೇ ಬೆಟ್ಟ ಸುತ್ತಿದ ಲೈನ್‌ಮನ್‌ಗಳ ತಲೆಯಲ್ಲಿದೆ; ಅವರು ನಿವೃತ್ತರಾಗುವ ಮೊದಲು ಅದನ್ನು ಕೇಳಿ ಬರೆದುಕೊಳ್ಳಬೇಕು, ಮತ್ತು ಆ ಕೆಲಸಕ್ಕೆ ಅವರಿಗೆ ಗೌರವಧನ ಕೊಡಬೇಕು. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ದರ ಪರಿಷ್ಕರಣೆಗೆ ಮುನ್ನ ನಡೆಸುವ ಸಾರ್ವಜನಿಕ ವಿಚಾರಣೆಯಲ್ಲಿ ನಾವು ಪ್ರತಿ ಬಾರಿ ಯೂನಿಟ್ ದರದ ಬಗ್ಗೆಯೇ ಮಾತಾಡಿ ಬರುತ್ತೇವೆ. ಮುಂದಿನ ಸಲ ಅಡಿಕೆ ಬೆಳೆಗಾರರ ಸಹಕಾರಿಗಳು, ಮೀನುಗಾರರ ಸಂಘಗಳು ಈ ಎರಡು ಫೀಡರುಗಳ ಪ್ರಸ್ತಾಪವನ್ನೂ ಬರವಣಿಗೆಯಲ್ಲಿ ಕೊಡಲಿ ಎಂದು ವಿನಂತಿಸುತ್ತೇನೆ.

ಅಲ್ಲಿಯವರೆಗೆ ಕಾಯದೆ ಮಾಡಬಹುದಾದ ಒಂದು ಕೆಲಸವಿದೆ. ಆ ಎರಡು ರಾತ್ರಿಗಳ ಮರುದಿನದಿಂದ ನಾನು ಬೆಳಿಗ್ಗೆ 6, ಮಧ್ಯಾಹ್ನ 1, ರಾತ್ರಿ 8 ಗಂಟೆಗೆ ನಮ್ಮ ಮನೆಯ ವೋಲ್ಟೇಜನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತ ಬಂದಿದ್ದೇನೆ. ಮೊದಲ ಪುಟದಲ್ಲಿ ನಮ್ಮ ಟಿ.ಸಿ. ಕಂಬದ ನಂಬರಿದೆ. ನಮ್ಮ ಫೀಡರಿನ ಬೇರೆ ಬೇರೆ ಟಿ.ಸಿ.ಗಳಿಗೆ ಸೇರಿದ ಹತ್ತು ಮನೆಯವರು ಇದೇ ಮೂರು ಹೊತ್ತಿಗೆ ಬರೆಯಲು ಒಪ್ಪಿದರೆ, ಸೊಕೆಟ್ಟಿಗೆ ಸಿಕ್ಕಿಸುವ ಚಿಕ್ಕ ವೋಲ್ಟ್‌ಮೀಟರುಗಳನ್ನು ನಾನೇ ತರಿಸಿಕೊಡುತ್ತೇನೆ. ಬರುವ ಜೂನ್ ಒಂದರಿಂದ ಶುರು ಮಾಡಿದರೆ ಈ ಮಳೆಗಾಲದ ಲೆಕ್ಕ ಪೂರ್ತಿ ಸಿಗುತ್ತದೆ. ಆ ಹನ್ನೊಂದು ಪುಸ್ತಕಗಳನ್ನು ದೀಪಾವಳಿಯ ಹೊತ್ತಿಗೆ ಸಂಬಂಧಪಟ್ಟ ಎಂಜಿನಿಯರುಗಳ ಮೇಜಿಗೆ ಒಯ್ದು ಕೊಡುವ ಹೊಣೆಯೂ ನನ್ನದೇ.

ಇತಿ ತಮ್ಮ ವಿಶ್ವಾಸಿ,

ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ ಹಾಗೂ ಅಡಿಕೆ ಬೆಳೆಗಾರ,
ಶಿರಸಿ ತಾಲೂಕು, ಉತ್ತರ ಕನ್ನಡ